ಬೈಗುಳದ ವಿಳಾಸ ತಪ್ಪಿದೆ, ಮಾಸ್ತರೇ

ಕುಮಟಾ ಕಡೆಯ ನಿವೃತ್ತ ಮಾಸ್ತರರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. 'ಇರಾನಿನಲ್ಲಿ ಯಾರೋ ಕೂತು ಬರೆದ ಒಪ್ಪಂದಕ್ಕೆ ನಮ್ಮ ಅಘನಾಶಿನಿ ಅಳಿವೆ ಯಾಕೆ ತಲೆಬಾಗಬೇಕು? ನಾಳೆ ಬಳಚು (ಚಿಪ್ಪುಮೀನು) ತೆಗೆಯಲಿಕ್ಕೂ ಅವರ ಅಪ್ಪಣೆ ಬೇಕೇ?' ಎಂಬುದು ಅವರ ಸಿಟ್ಟು.

ಮಾಸ್ತರೇ, ಕೇಳದೆ ಮಾಡಿದ್ದು ಯಾರಿಗೂ ಹಿಡಿಸುವುದಿಲ್ಲ, ಒಪ್ಪಿದೆ. ಆದರೆ ಬೈಗುಳದ ವಿಳಾಸ ತಪ್ಪಿದೆ.

ಜೌಗು ಪ್ರದೇಶ ಉಳಿಸುವ ಆ ಒಪ್ಪಂದ ಆದದ್ದು 1971ರಲ್ಲಿ, ರಾಮ್‌ಸರ್ ಎಂಬ ಇರಾನಿನ ಊರಿನಲ್ಲಿ. ಭಾರತ ಸೇರಿದ್ದು 1982ರಲ್ಲಿ. ಅಘನಾಶಿನಿ ಆ ಒಪ್ಪಂದದ ಪಟ್ಟಿಗೆ ಬಂದದ್ದು 2024ರಲ್ಲಿ. ಹೆಸರು ಕೊಟ್ಟವರು ಇರಾನಿನವರಲ್ಲ, ನಮ್ಮವರೇ. ಅದರಲ್ಲಿರುವುದು ಮುಟ್ಟಬೇಡಿ ಅನ್ನುವ ಮಾತೂ ಅಲ್ಲ, ಹಾಳಾಗದಂತೆ ಬಳಸಿ ಅನ್ನುವ ಮಾತು. ನೀರಿಳಿದಾಗ ಸೊಂಟದ ತನಕ ಮುಳುಗಿ, ಕೆಸರಿನಲ್ಲಿ ಕಾಲಾಡಿಸಿ ಬಳಚು ಹುಡುಕುವ ಹೆಂಗಸರನ್ನು ನೀವೂ ನೋಡಿದ್ದೀರಿ. ಗಜನಿ ಅನ್ನುವ ಅಳಿವೆ ಪಕ್ಕದ ತಗ್ಗು ಗದ್ದೆಯಲ್ಲಿ ಉಪ್ಪುನೀರು ತಡೆದು ಕಗ್ಗ ಭತ್ತ ಬೆಳೆದವರನ್ನೂ ನೋಡಿದ್ದೀರಿ. ಅವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾ?

ಇನ್ನೊಂದು ಮಾತು. ಹೊರಗಿನ ಒಪ್ಪಂದ ನಮ್ಮ ದೇಶದಲ್ಲಿ ತಾನಾಗಿ ಕಾನೂನು ಆಗುವುದಿಲ್ಲ. ನಮ್ಮದೇ ಕಾಯ್ದೆ, ನಮ್ಮದೇ ನಿಯಮ ಬರಬೇಕು. ಜೌಗು ಪ್ರದೇಶಕ್ಕೆಂದೇ ನಿಯಮ ಬಂದದ್ದು 2010ರಲ್ಲಿ, ಅದನ್ನು ಬದಲಿಸಿದ್ದು 2017ರಲ್ಲಿ. 1982ರಿಂದ ಲೆಕ್ಕ ಹಾಕಿ, 28 ವರ್ಷ! ಹೊರಗಿನವರ ದಬ್ಬಾಳಿಕೆ ಇಷ್ಟು ನಿಧಾನ ಇರುತ್ತದಾ?

ನನಗಂತೂ ಇಂಥ ಒಪ್ಪಂದಗಳ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿಯೇ. 1980ರಲ್ಲಿ ಬ್ಯಾಂಕ್ ಸಾಲ ತೀರಿಸಲಾಗದವರನ್ನು ಜೈಲಿಗೆ ಕಳಿಸುವ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ವಿಶ್ವಸಂಸ್ಥೆಯ ನಾಗರಿಕ ಹಕ್ಕುಗಳ ಒಪ್ಪಂದವನ್ನು ಎದುರಿಗಿಟ್ಟುಕೊಂಡು ನಮ್ಮ ಹಳೆಯ ಕಾನೂನನ್ನು ಓದಿದರು. ಒಪ್ಪಂದವೇ ಕಾನೂನಲ್ಲ ಅಂತಲೂ ಹೇಳಿದರು. ಆದರೆ ಕೈಯಲ್ಲಿ ಕಾಸಿಲ್ಲ ಎಂಬ ಒಂದೇ ಕಾರಣಕ್ಕೆ, ಮೋಸ ಮಾಡದವನನ್ನು ಒಳಗೆ ಹಾಕುವಂತಿಲ್ಲ ಎಂದರು. ಸೊಸೈಟಿ ಸಾಲದ ನೋಟಿಸು ಕೈಯಲ್ಲಿ ಹಿಡಿದವರಿಗೆ ಇದರ ಬೆಲೆ ಗೊತ್ತು. ನಮ್ಮ ಶಿರಸಿ ಅಡಿಕೆಗೆ 2019ರಲ್ಲಿ ಸಿಕ್ಕ ಜಿಐ ಪಟ್ಟವೂ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತೂ, ಅಷ್ಟೇ. ಭಾರತ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸೇರಿದ್ದರಿಂದಲೇ 1999ರ ಜಿಐ ಕಾಯ್ದೆ ಬಂತು. ಡಬ್ಲ್ಯುಟಿಒ ಅಂದರೆ ಉರಿದುಬೀಳುವ ನಮ್ಮ ತೋಟದವರು ಜಿಐ ಸುದ್ದಿಗೆ ಮಾತ್ರ ಸಿಹಿ ಹಂಚಿದರು!

ಹಾಗಾದರೆ ಬೈಯಬೇಕಾದ್ದು ಯಾರನ್ನು? ದಿಲ್ಲಿಯನ್ನು. ಸಾಮಾನ್ಯವಾಗಿ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ, ಮಂತ್ರಿಮಂಡಲ ಸಾಕು. ಆಮೇಲೆ ಸಂವಿಧಾನದ 253ನೇ ವಿಧಿ ಹಿಡಿದು, ಕೃಷಿಯಂಥ ರಾಜ್ಯದ ವಿಷಯಕ್ಕೂ ದಿಲ್ಲಿಯಲ್ಲೇ ಕಾನೂನು ಮಾಡಬಹುದು. ಬೆಂಗಳೂರನ್ನು ಕೇಳುವುದು ಕಡ್ಡಾಯವಲ್ಲ. ಇನ್ನು ಅಘನಾಶಿನಿ ದಡದವರನ್ನು ಕೇಳುವವರು ಯಾರು?

ಕೇಳುವುದು ಹಾಗಿರಲಿ, ಆದದ್ದನ್ನಾದರೂ ನಮ್ಮ ಭಾಷೆಯಲ್ಲಿ ಹೇಳಬೇಡವೇ? ಹೋದ ವರ್ಷ ಜೌಗು ನಿಯಮದ ಕನ್ನಡ ಪ್ರತಿ ಬೇಕೆಂದು ಕಚೇರಿಯೊಂದಕ್ಕೆ ಹೋಗಿದ್ದೆ. 'ಕನ್ನಡದ್ದಾ?' ಎಂದು ಗುಮಾಸ್ತರು ನನ್ನನ್ನು ಮೇಲೆ ಕೆಳಗೆ ನೋಡಿದರು. ಕಪಾಟು ಹುಡುಕಿ ಇಂಗ್ಲಿಷ್ ಜೆರಾಕ್ಸ್ ಕೊಟ್ಟರು, ಪಾಪ, ದುಡ್ಡು ತಗೊಳ್ಳಲಿಲ್ಲ. ಮನೆಗೆ ಬಂದು ನೋಡಿದರೆ ಮೂರನೇ ಪುಟವೇ ಇಲ್ಲ. ಉಳಿದ ಪುಟಗಳನ್ನು ನಾನೇ ಕನ್ನಡಕ್ಕೆ ತರುತ್ತಿದ್ದೇನೆ, ಮುಗಿದ ಮೇಲೆ ಮೊದಲ ಪ್ರತಿ ನಿಮಗೆ. ಅಷ್ಟರಲ್ಲಿ ಆ ಮೂರನೇ ಪುಟ ನಿಮ್ಮ ಕಡೆ ಎಲ್ಲಾದರೂ ಸಿಕ್ಕರೆ ಅಂಚೆಗೆ ಹಾಕಿ.

— ಸಂಪಾದಕ