ಆನ್‌ಲೈನ್ ಕ್ಯಾಸಿನೊಗೆ ಕಟ್ಟಿದ ಹಣ ಮರಳಿ ಬಂದೀತೇ? ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬನಹಟ್ಟಿಯ ನೇಕಾರರ ಮನೆಯವನು. ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ, ಊರ ಹೊರಗೆ ಎರಡು ಎಕರೆ ಕಬ್ಬಿದೆ. ಟೆಲಿಗ್ರಾಂ ಗುಂಪಿಗೆ ಬಂದ ಲಿಂಕ್ ಒತ್ತಿ ಆನ್‌ಲೈನ್ ಕ್ಯಾಸಿನೊ ಒಂದರಲ್ಲಿ ಖಾತೆ ತೆರೆದೆ. ಮೊದಲ ದಿನ 2,000 ರೂಪಾಯಿ ಹಾಕಿದಾಗ 3,400 ರೂಪಾಯಿ ಮರಳಿ ಬಂದದ್ದರಿಂದ ನಂಬಿಕೆ ಹುಟ್ಟಿತು. ಆಮೇಲೆ 5,000, 20,000, 40,000, 50,000 ಹೀಗೆ ಕಟ್ಟುತ್ತ ಹೋದೆ. ನನ್ನ ಲೆಕ್ಕದಲ್ಲಿ 2,70,000 ರೂಪಾಯಿ ಇರುವುದಾಗಿ ಪರದೆ ತೋರಿಸಿತು. ಅದನ್ನು ತೆಗೆಯಲು ಹೋದರೆ ಮೊದಲು ಶೇಕಡಾ 30ರಷ್ಟು ತೆರಿಗೆ ಕಟ್ಟಬೇಕೆಂದರು. 81,000 ರೂಪಾಯಿಯನ್ನು ಎರಡು ಸಲ ಮಾಡಿ ಕಟ್ಟಿದೆ. ಈಗ ಪರಿಶೀಲನಾ ಶುಲ್ಕವೆಂದು ಮತ್ತೆ 27,000 ಕೇಳುತ್ತಿದ್ದಾರೆ. ಹೋದದ್ದರಲ್ಲಿ ಬಹುಪಾಲು ಅಪ್ಪನ ಕಬ್ಬಿನ ಬಿಲ್ಲಿನ ಹಣ. ಅವರಿಗೆ ಇನ್ನೂ ಹೇಳಿಲ್ಲ. ಪೊಲೀಸರ ಬಳಿ ಹೋದರೆ ಜೂಜಾಡಿದವನೆಂದು ನನ್ನ ಮೇಲೆಯೇ ಕೇಸು ಹಾಕುವುದಿಲ್ಲವೇ?

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರೆಂದು ಹೇಳಿದ್ದೆ. ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯಬಹುದಾದ ಸಂಗತಿ ಇದಲ್ಲ. ಇದೇ ತೊಂದರೆಯಲ್ಲಿ ಸಿಕ್ಕಿರುವ ಬೇರೆಯವರಿಗೂ ಉಪಯೋಗವಾಗಲೆಂದು ಉಳಿದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಮೊದಲ ಮಾತು: ಆ 27,000 ರೂಪಾಯಿಯನ್ನು ಯಾವ ಕಾರಣಕ್ಕೂ ಕಟ್ಟಬೇಡಿ. ಆನ್‌ಲೈನ್ ಆಟದ ಗೆಲುವಿನ ಮೇಲೆ ಶೇಕಡಾ 30ರ ತೆರಿಗೆ ಇರುವುದು ನಿಜ, ಮೋಸಗಾರರು ನೆವ ಮಾಡಿಕೊಂಡಿರುವುದೂ ಅದನ್ನೇ. ಆದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಆ ತೆರಿಗೆಯನ್ನು ಹಣ ಕೊಡುವವನೇ ಗೆದ್ದ ಮೊತ್ತದಲ್ಲಿ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ನಿಮ್ಮ ಜೇಬಿನಿಂದ ಬೇರೆ ಹಣ ತಂದು, ಯಾರೋ ಒಬ್ಬನ ಯುಪಿಐ ಖಾತೆಗೆ ಮುಂಗಡ ತೆರಿಗೆ ಹಾಕಿರೆಂದು ಆದಾಯ ತೆರಿಗೆ ಕಾನೂನು ಎಲ್ಲಿಯೂ ಹೇಳುವುದಿಲ್ಲ.

ನೀವು ಪತ್ರದೊಂದಿಗೆ ಕಳಿಸಿದ ಏಳು ಪಾವತಿ ರಸೀದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದೆ. ಏಳರಲ್ಲಿ ಒಂದರಲ್ಲಿಯೂ ಆ ಕ್ಯಾಸಿನೊದ ಹೆಸರಿಲ್ಲ. ಎರಡು ಪಾವತಿಗಳು ಯಾವುದೋ ಮೊಬೈಲ್ ರಿಪೇರಿ ಅಂಗಡಿಗೆ, ಒಂದು ಕಿರಾಣಿ ಅಂಗಡಿಗೆ, ಉಳಿದ ನಾಲ್ಕು ಮೂವರು ಬೇರೆ ಬೇರೆ ವ್ಯಕ್ತಿಗಳ ಹೆಸರಿಗೆ ಹೋಗಿವೆ. ನಿಮ್ಮ ಪ್ರಕರಣದ ತಿರುಳು ಇರುವುದೇ ಇಲ್ಲಿ. ನಿಮ್ಮ ಹಣ ಕಡಲಾಚೆಯ ಕ್ಯಾಸಿನೊಗೆ ನೇರವಾಗಿ ಹೋಗಿಲ್ಲ. ಮೊದಲ ಹೆಜ್ಜೆಯಲ್ಲಿ ಭಾರತದ ಬ್ಯಾಂಕುಗಳಲ್ಲಿರುವ ಖಾತೆಗಳಿಗೆ ಹೋಗಿದೆ. ಹಣದಾಸೆಗೆ ಬೇರೆಯವರ ಬಳಕೆಗೆ ಬಿಟ್ಟುಕೊಟ್ಟ ಇಂಥ ಖಾತೆಗಳನ್ನೇ ಪೊಲೀಸರು ಬಾಡಿಗೆ ಖಾತೆಗಳೆಂದು ಕರೆಯುವುದು. ಅವುಗಳಿಗೆ ಖಾತೆದಾರನಿದ್ದಾನೆ, ಶಾಖೆಯಿದೆ, ಆಧಾರ್ ಜೋಡಣೆಯಿದೆ. ವಿದೇಶದಲ್ಲಿ ಕುಳಿತ ಮುಖವಿಲ್ಲದ ಸಂಸ್ಥೆಯನ್ನು ಬೆನ್ನಟ್ಟುವುದಕ್ಕಿಂತ ಈ ಐದು ಖಾತೆಗಳನ್ನು ಹಿಡಿಯುವುದು ಸಾಧ್ಯವಾದ ಕೆಲಸ.

ಆದುದರಿಂದ ಎರಡು ಮೊತ್ತಗಳನ್ನು ನಿಮ್ಮ ಮನಸ್ಸಿನಲ್ಲಿ ಬೇರೆ ಮಾಡಿಕೊಳ್ಳಿ. ಪರದೆಯ ಮೇಲಿನ 2,70,000 ರೂಪಾಯಿ ಹಣವೇ ಅಲ್ಲ, ಅವರು ಬರೆದಿಟ್ಟ ಅಂಕಿ ಮಾತ್ರ. ಒಂದು ವೇಳೆ ಆಟ ನಿಜವೇ ಆಗಿದ್ದರೂ 1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಕಲಮಿನ ಪ್ರಕಾರ ಪಂದ್ಯದ ಕರಾರು ಅನೂರ್ಜಿತ, ಗೆದ್ದದ್ದನ್ನು ಕೊಡಿಸಿರೆಂದು ಸಿವಿಲ್ ದಾವೆ ಹೂಡಲು ಬರುವುದಿಲ್ಲ. ಅದನ್ನು ಇಂದೇ ಬಿಟ್ಟುಬಿಡಿ. ನೀವು ಕೈಯಿಂದ ಕಟ್ಟಿದ್ದು ಒಟ್ಟು 1,98,000 ರೂಪಾಯಿ. ಮರಳಿ ಬಂದ 3,400 ಕಳೆದರೆ ನಷ್ಟ 1,94,600. ಇದನ್ನು ಜೂಜಿನಲ್ಲಿ ಸೋತ ಹಣವೆಂದು ಕೇಳದೆ, ಸುಳ್ಳು ಹೇಳಿ ಕಿತ್ತುಕೊಂಡ ಹಣವೆಂದು ಕೇಳಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ ಇಲ್ಲಿ ಎದ್ದು ಕಾಣುತ್ತದೆ, ಅದರಲ್ಲೂ ತೆರಿಗೆಯ ಹೆಸರಿನಲ್ಲಿ ವಸೂಲು ಮಾಡಿದ 81,000 ರೂಪಾಯಿಯ ವಿಷಯದಲ್ಲಿ ಯಾವ ಆಟವೂ ನಡೆದಿಲ್ಲ, ಸುಳ್ಳೊಂದೇ ನಡೆದಿದೆ. ದೂರಿನಲ್ಲಿ ಆ ಎರಡು ಪಾವತಿಗಳನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆಯಿರಿ.

ನಿಮ್ಮ ಭಯದ ಬಗ್ಗೆ ಹೇಳುತ್ತೇನೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕುರಿತ ಕೇಂದ್ರ ಕಾನೂನು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೆ 2 ವರ್ಷಗಳವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಪಡಿಸಿದೆ. ಹಣ ಸಾಗಿಸಿಕೊಡುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಆಡಿ ಕಳೆದುಕೊಂಡವನಿಗೆ ಆ ಕಾನೂನು ಶಿಕ್ಷೆ ವಿಧಿಸುವುದಿಲ್ಲ. ಆದ್ದರಿಂದ ಧೈರ್ಯವಾಗಿ ಹೋಗಿ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾಚಿಕೆಯಿಂದ ‘ಯಾರೋ ಒಟಿಪಿ ಕದ್ದು ಹಣ ತೆಗೆದರು’ ಎಂದು ಬರೆಸುವವರನ್ನು ನಾನು ನೋಡಿದ್ದೇನೆ. ನೀವೇ ಪಿನ್ ಒತ್ತಿ ಕಳಿಸಿದ್ದು ಬ್ಯಾಂಕಿನ ದಾಖಲೆಯಲ್ಲಿ ಕಾಣುವುದರಿಂದ ಅಂಥ ದೂರು ಮೊದಲ ವಿಚಾರಣೆಯಲ್ಲಿಯೇ ಬಿದ್ದುಹೋಗುತ್ತದೆ, ಜೊತೆಗೆ ಸುಳ್ಳು ಮಾಹಿತಿ ಕೊಟ್ಟ ತಪ್ಪು ನಿಮ್ಮ ತಲೆಗೇ ಬರುತ್ತದೆ. ಇದೇ ಕಾರಣಕ್ಕೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಮಾಡಿದ ನಿಯಮವೂ ನಿಮಗೆ ಅನ್ವಯಿಸುವುದಿಲ್ಲ. ಅದು ಖಾತೆದಾರನ ಒಪ್ಪಿಗೆಯಿಲ್ಲದೆ ಹೋದ ಹಣಕ್ಕೆ ಮಾತ್ರ ಸಂಬಂಧಿಸಿದ್ದು.

1930ಕ್ಕೆ ಕರೆ ಮಾಡಿದಾಗ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿದಾಗ ಹಣ ಪಡೆದ ಬ್ಯಾಂಕಿಗೆ ಸಂದೇಶ ಹೋಗುತ್ತದೆ, ಆ ಕ್ಷಣದಲ್ಲಿ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟಕ್ಕೆ ತಡೆ ಬೀಳುತ್ತದೆ. ‘ಎಷ್ಟು ಉಳಿದಿದೆಯೋ’ ಎಂಬ ಮಾತೇ ಇಲ್ಲಿ ಮುಖ್ಯ. ಹಣ ಸಾಮಾನ್ಯವಾಗಿ ನಿಮಿಷಗಳಲ್ಲಿ ಎರಡನೆಯ, ಮೂರನೆಯ ಖಾತೆಗೆ ಜಿಗಿಯುತ್ತದೆ, ಅಲ್ಲಿಂದ ಎಟಿಎಂ ಮೂಲಕ ನಗದಾಗುತ್ತದೆ ಇಲ್ಲವೇ ಕ್ರಿಪ್ಟೊ ಆಗುತ್ತದೆ. ನಿಮ್ಮ ಕೊನೆಯ ಪಾವತಿ ನಡೆದು ಐದು ದಿನಗಳಾದ ಮೇಲೆ ನೀವು ಕರೆ ಮಾಡಿದ್ದರಿಂದ ಪೂರ್ತಿ ಮೊತ್ತ ಸಿಗುವ ಭರವಸೆಯನ್ನು ನಾನು ಕೊಡಲಾರೆ. ಒಂದು ಪಾಲು ಸಿಕ್ಕರೂ ಅದು ಅಪ್ಪನ ಬೆವರಿನ ಹಣವೇ ಆದ್ದರಿಂದ ಪ್ರಯತ್ನ ಬಿಡಬಾರದು.

ಕರೆಯ ನಂತರ ಸಿಗುವ ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಂಡು ಬಾಗಲಕೋಟೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಎಫ್‌ಐಆರ್ ದಾಖಲಿಸಿ. ಎಫ್‌ಐಆರ್ ಇಲ್ಲದಿದ್ದರೆ ತಡೆಹಿಡಿದ ಹಣ ಇದ್ದಲ್ಲಿಯೇ ಉಳಿದು, ನಿಮ್ಮ ಕೈಗೆ ಬರುವುದು ಕಷ್ಟವಾಗಬಹುದು. ಬ್ಯಾಂಕಿನ ಮೊಹರು ಬಿದ್ದ ಖಾತೆ ವಿವರ, ಪ್ರತಿ ಪಾವತಿಯ ಯುಟಿಆರ್ ಸಂಖ್ಯೆ (ವಹಿವಾಟಿನ ಗುರುತು ಸಂಖ್ಯೆ), ಜಾಲತಾಣದ ವಿಳಾಸ ಕಾಣುವಂತೆ ತೆಗೆದ ಪರದೆಯ ಚಿತ್ರಗಳು, ಟೆಲಿಗ್ರಾಂ ಸಂಭಾಷಣೆ ಇವೆಲ್ಲವೂ ಬೇಕು. ಸಿಟ್ಟಿನಲ್ಲಿ ಆ್ಯಪ್ ಅಳಿಸಬೇಡಿ, ಫೋನನ್ನು ರೀಸೆಟ್ ಮಾಡಬೇಡಿ. ಆ ಫೋನೇ ಸಾಕ್ಷಿ. ಮೊದಲ ದಿನ ಬಂದ 3,400 ರೂಪಾಯಿಯನ್ನೂ ಮುಚ್ಚಿಡದೆ ಬರೆಯಿರಿ, ಏಕೆಂದರೆ ಅದು ನಿಮ್ಮಂತೆಯೇ ಮೋಸಹೋದ ಇನ್ನೊಬ್ಬರ ಹಣವಾಗಿರುವ ಸಾಧ್ಯತೆಯಿದೆ. ದೂರು ತೆಗೆದುಕೊಳ್ಳಲು ನಿರಾಕರಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೆಯ ಕಲಮಿನಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಿ, ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಖಾತೆಗಳಲ್ಲಿ ಹಣ ತಡೆಯಾಗಿದೆಯೆಂದು ತನಿಖಾಧಿಕಾರಿ ತಿಳಿಸಿದ ಮೇಲೆ ಅದೇ ಸಂಹಿತೆಯ 503ನೆಯ ಕಲಮಿನಡಿ, ಆ ಮೊತ್ತವನ್ನು ನನಗೆ ಬಿಡುಗಡೆ ಮಾಡಿರೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಇದು ದೊಡ್ಡ ಖರ್ಚಿನ ಕೆಲಸವಲ್ಲ, ಆದರೆ ತಿಂಗಳುಗಟ್ಟಲೆ ಹಿಡಿಯಬಹುದು.

ಅಪ್ಪನಿಗೆ ಈ ವಾರವೇ ಹೇಳಿ. ಪೊಲೀಸರಿಂದ ಪತ್ರ ಮನೆಗೆ ಬಂದು ಅವರಿಗೆ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದಲೇ ಕೇಳುವುದು ಒಳ್ಳೆಯದು. ಒಬ್ಬರೇ ಹೋಗಲು ಕಷ್ಟವಾದರೆ ಸೋದರಮಾವನನ್ನೋ ನಂಬಿಕೆಯ ಹಿರಿಯರನ್ನೋ ಜೊತೆಗೆ ಕೂರಿಸಿಕೊಳ್ಳಿ. ರಾತ್ರಿ ನಿದ್ದೆ ಬಾರದೆ ಮನಸ್ಸು ಕೆಟ್ಟ ಯೋಚನೆಗೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಎರಡು ಲಕ್ಷ ರೂಪಾಯಿಯನ್ನು ನಾಲ್ಕು ಮಗ್ಗಗಳಿರುವ ಮನೆ ಮತ್ತೆ ದುಡಿದು ತುಂಬಿಕೊಳ್ಳಬಲ್ಲದು.

ಪ್ರಶ್ನೆ: ಆನ್‌ಲೈನ್ ಕ್ಯಾಸಿನೊದಲ್ಲಿ 60,000 ರೂಪಾಯಿ ಕಳೆದುಕೊಂಡಿದ್ದೇನೆ. ಆ ಜಾಲತಾಣದ ಕೆಳಗೆ ಕ್ಯುರಸಾವೊ ಪರವಾನಗಿಯ ಮುದ್ರೆಯಿತ್ತು. ಈಗ ತಾನು ಸೈಬರ್ ವಕೀಲನೆಂದು ಹೇಳಿಕೊಂಡು ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಸಂಪರ್ಕಿಸಿ, ಮುಂಗಡವಾಗಿ 9,000 ರೂಪಾಯಿ ಕೊಟ್ಟರೆ ಪೂರ್ತಿ ಹಣ ವಾಪಸ್ ತರಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ? – ಓದುಗರು, ಬೆಳಗಾವಿ

ಉತ್ತರ: ಕೊಡಬೇಡಿ. ನೀವು ಹಣ ಕಳೆದುಕೊಂಡ ಸಂಗತಿ ಆತನಿಗೆ ಹೇಗೆ ತಿಳಿಯಿತೆಂದು ಒಮ್ಮೆ ಯೋಚಿಸಿ. ಮೋಸಹೋದವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಮೋಸಗಾರರ ನಡುವೆಯೇ ಕೈಯಿಂದ ಕೈಗೆ ದಾಟುತ್ತವೆ. 1930ರ ಸೇವೆಗಾಗಲಿ ಎಫ್‌ಐಆರ್‌ಗಾಗಲಿ ಶುಲ್ಕವಿಲ್ಲ. ಕ್ಯುರಸಾವೊ ಎಂಬುದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪ. ಅಲ್ಲಿನ ಪರವಾನಗಿ ನಿಜವಾಗಿದ್ದರೂ ಬೆಳಗಾವಿಯಲ್ಲಿ ಕುಳಿತವರಿಂದ ಹಣ ಕಟ್ಟಿಸಿಕೊಳ್ಳುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ, ಮುದ್ರೆಯ ಚಿತ್ರವನ್ನಂತೂ ಯಾರು ಬೇಕಾದರೂ ಅಂಟಿಸಬಹುದು. ಆ ವಕೀಲನ ಸಂದೇಶಗಳನ್ನೂ ಅಳಿಸದೆ ನಿಮ್ಮ ದೂರಿಗೆ ಸೇರಿಸಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾನೆ. ತಿಂಗಳಿಗೆ 5,000 ರೂಪಾಯಿ ಸಿಗುತ್ತದೆಂದು ಗೆಳೆಯನ ಮಾತು ಕೇಳಿ ತನ್ನ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಕೊಟ್ಟುಬಿಟ್ಟಿದ್ದಾನೆ. ಈಗ ಖಾತೆ ಸ್ತಂಭನವಾಗಿದೆ, ಆನ್‌ಲೈನ್ ಕ್ಯಾಸಿನೊ ವಂಚನೆಯ ವಿಷಯದಲ್ಲಿ ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂದಿದೆ. ಏನು ಮಾಡಲಿ? – ಒಬ್ಬ ತಾಯಿ, ವಿಜಯಪುರ

ಉತ್ತರ: ತಾಯಿ, ಬನಹಟ್ಟಿಯ ಯುವಕನ ರಸೀದಿಗಳಲ್ಲಿ ಕಂಡ ಐದು ಖಾತೆಗಳಂಥದ್ದೇ ಒಂದು ನಿಮ್ಮ ಮಗನ ಖಾತೆಯಾಗಿದೆ. ಅವನಿಗೆ ಪೂರ್ತಿ ವಿಷಯ ಗೊತ್ತಿರಲಿಕ್ಕಿಲ್ಲ ಎಂಬುದನ್ನು ನಾನು ನಂಬುತ್ತೇನೆ, ಆದರೆ ಕಾನೂನಿನ ಮುಂದೆ ಅದನ್ನು ದಾಖಲೆಯಿಂದ ತೋರಿಸಬೇಕಾಗುತ್ತದೆ. ನೋಟಿಸನ್ನು ಕಡೆಗಣಿಸಬೇಡಿ. ಸಾಮಾನ್ಯವಾಗಿ ಅದು ನಾಗರಿಕ ಸುರಕ್ಷಾ ಸಂಹಿತೆಯ 35(3)ನೆಯ ಕಲಮಿನದಾಗಿರುತ್ತದೆ. ಕರೆದ ದಿನ ಹಾಜರಾಗಿ ಸಹಕರಿಸುವವನನ್ನು, ಕಾರಣ ಬರೆದಿಡದೆ ಬಂಧಿಸುವಂತಿಲ್ಲ, ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ಹೋಗುವ ಮೊದಲು ವಕೀಲರನ್ನು ಕಾಣಿರಿ. ಮಹಿಳೆಯಾಗಿ ನೀವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವಿಗೆ ಅರ್ಹರು. ಮಗನ ಅರ್ಹತೆಯನ್ನೂ ಅಲ್ಲಿಯೇ ವಿಚಾರಿಸಿ, ಅದರ ಸಹಾಯವಾಣಿ 15100. ಗೆಳೆಯನೊಂದಿಗೆ ನಡೆದ ವಾಟ್ಸ್‌ಆ್ಯಪ್ ಮಾತುಕತೆ ಮತ್ತು 5,000 ರೂಪಾಯಿ ಬಂದ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಖಾತೆಯಲ್ಲಿರುವ ಹಣವನ್ನು ಹೇಗಾದರೂ ತೆಗೆಯುವ ಪ್ರಯತ್ನವೂ ಬೇಡ, ಯಾರೋ ಫೋನ್ ಮಾಡಿ ‘ನನ್ನ ಹಣ ಕೊಡು, ಕೇಸು ಹಿಂದಕ್ಕೆ ತೆಗೆಯುತ್ತೇನೆ’ ಎಂದರೆ ಖಾಸಗಿಯಾಗಿ ಕೊಡುವುದೂ ಬೇಡ. ಏನಿದ್ದರೂ ನ್ಯಾಯಾಲಯದ ಮೂಲಕವೇ ಆಗಲಿ. ಆ ಸಿಮ್ ಇನ್ನೂ ಗೆಳೆಯನ ಬಳಿಯೇ ಇದ್ದರೆ, ಇದನ್ನು ಓದಿದ ಕೂಡಲೇ ಮಗನನ್ನು ಮೊಬೈಲ್ ಕಂಪನಿಯ ಅಂಗಡಿಗೆ ಕರೆದುಕೊಂಡು ಹೋಗಿ ಅದನ್ನು ಬಂದ್ ಮಾಡಿಸಿ, ಬಂದ್ ಮಾಡಿಸಿದ ಚೀಟಿಯನ್ನು ನೋಟಿಸಿನ ಜೊತೆಗೆ ಇಟ್ಟುಕೊಳ್ಳಿ.