ಕಬ್ಬಿಗೆ ಸಿಹಿ ತಂದವರು ಜಾನಕಿ ಅಮ್ಮಾಳ್ ಅವರೇ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ಕಬ್ಬು ಬೆಳೆಯುವ ಕುಟುಂಬ. ಒಂಬತ್ತನೇ ತರಗತಿಯಲ್ಲಿರುವ ಮಗಳು ವಿಜ್ಞಾನಿ ಜಾನಕಿ ಅಮ್ಮಾಳ್ ಕುರಿತು ಪ್ರಬಂಧ ಬರೆಯುತ್ತಿದ್ದಾಳೆ. ಭಾರತದ ಕಬ್ಬಿಗೆ ಸಿಹಿ ತಂದವರೇ ಅವರು ಎಂಬ ಸಂದೇಶ ಮೊಬೈಲಿಗೆ ಬಂದಿದೆ. ನಿಜವೇ?

ಉತ್ತರ: ಹಾಗೆ ಬರೆಯಬೇಡವೆಂದು ಮಗಳಿಗೆ ಹೇಳಿ. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರ ಶುರುವಾದದ್ದು 1912ರಲ್ಲಿ. ಸಿಹಿಯಾದ ದಪ್ಪ ಕಬ್ಬನ್ನೂ ಗಟ್ಟಿಮುಟ್ಟಾದ ಕಾಡು ಕಬ್ಬನ್ನೂ ಸಂಕರ ಮಾಡಿ ಅಲ್ಲಿನ ತಜ್ಞರಾದ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರೂಪಿಸಿದ ಕೋ 205 ತಳಿ 1918ಕ್ಕೇ ಹೊಲ ಸೇರಿತ್ತು. ಜಾನಕಿ ಅಮ್ಮಾಳ್ ಅಲ್ಲಿಗೆ ಬಂದದ್ದು 1934ರಲ್ಲಿ. ಬೇರೆಯವರ ಕಿರೀಟವನ್ನು ಅವರ ತಲೆಗಿಡುವ ಉತ್ಸಾಹದಲ್ಲಿ ಅವರದೇ ಸಾಧನೆ ಮರೆಗೆ ಸರಿಯುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಅವರ ವಿದ್ಯೆ ಗಿಡಗಳ ವರ್ಣತಂತುಗಳನ್ನು, ಅಂದರೆ ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆಗಳನ್ನು (ಕ್ರೋಮೋಸೋಮ್), ಓದುವುದು. ಬೇರಿನ ತುದಿ ಕತ್ತರಿಸಿ, ಬಣ್ಣ ಕಟ್ಟಿ, ಗಾಜಿನ ಪಟ್ಟಿಯ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಈರುಳ್ಳಿಯಲ್ಲಿರುವುದು 16. ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲಿ ಆ ಹದಿನಾರಕ್ಕೇ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ವಾದಕ್ಕಿಳಿಯುತ್ತಿದ್ದರು. ದಪ್ಪ ಕಬ್ಬಿನಲ್ಲಿ 80 ಇವೆ. ಸಂಕರ ತಳಿಗಳಲ್ಲಿ ನೂರು ದಾಟುತ್ತವೆ. ಅಂಥ ಕಬ್ಬನ್ನು ಮುಸುಕಿನ ಜೋಳದ ಜೊತೆಗೂ ಸಂಕರ ಮಾಡಿ, 1938ರಲ್ಲಿ ಅವರು ವರದಿ ಪ್ರಕಟಿಸಿದರು. ಕಬ್ಬಿಗೆ ಹುಲ್ಲಿನ ಕುಲದಲ್ಲಿ ಎಷ್ಟು ದೂರದವರೆಗೆ ನೆಂಟಸ್ತಿಕೆ ಸಾಧ್ಯ ಎಂಬುದು ಅವರ ಪ್ರಶ್ನೆಯಾಗಿತ್ತು. ತಳಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ?

1940ರಲ್ಲಿ, ಯುದ್ಧಕಾಲದ ಲಂಡನ್ನಿನಲ್ಲಿ, ಜಾನ್ ಇನ್ನೆಸ್ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೇರಿದರು. ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆಗೂಡಿ ಬರೆದ, ಬೆಳೆಸುವ ಸಸ್ಯಗಳ ವರ್ಣತಂತುಗಳ ಆಕರಗ್ರಂಥ 1945ರಲ್ಲಿ ಹೊರಬಂತು. ಯಾವ ಸಸ್ಯದಲ್ಲಿ ಎಷ್ಟು ಎಂಬ ಲೆಕ್ಕವನ್ನು ಒಂದೇ ಕಡೆ ಹುಡುಕಿಕೊಳ್ಳಲು ಆದದ್ದು ಅದರಿಂದ. ಅನಂತರ ಇಂಗ್ಲೆಂಡಿನ ವಿಸ್ಲಿಯ ತೋಟದಲ್ಲಿ ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಮ್ಯಾಗ್ನೋಲಿಯಾ ಸಸಿಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರು. ಬಿಳಿ ಹೂವಿನ ಒಂದು ಮ್ಯಾಗ್ನೋಲಿಯಾ ತಳಿಗೆ ಅವರದೇ ಹೆಸರಿದೆ.

ನೆಹರೂ ಕರೆಯ ಮೇರೆಗೆ 1951ರಲ್ಲಿ ಮರಳಿ ಬಂದು ಭಾರತೀಯ ಸಸ್ಯ ಸರ್ವೇಕ್ಷಣೆಯ ಪುನರ್‌ರಚನೆಗೆ ತೊಡಗಿದರು. 1977ರಲ್ಲಿ ಪದ್ಮಶ್ರೀ ಬಂತು. ಎಂಬತ್ತು ದಾಟಿದ ಮೇಲೂ ಕೇರಳದ ಮೌನ ಕಣಿವೆಯ (ಸೈಲೆಂಟ್ ವ್ಯಾಲಿ) ಅಣೆಕಟ್ಟನ್ನು ವಿರೋಧಿಸಿ, ಮುಳುಗಲಿದ್ದ ಕಾಡಿನ ಗಿಡಗಳ ವರ್ಣತಂತು ಸಮೀಕ್ಷೆಗೆ ಮುಂದಾದರು. 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಪ್ರಬಂಧಕ್ಕೆ ಬೇಕಾದ ಉಳಿದ ವಿವರ: ಹುಟ್ಟಿದ್ದು ತಲಶ್ಶೇರಿಯಲ್ಲಿ, 1897, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ 1931. ನಮ್ಮ ರಾಜ್ಯದ ನಂಟು ಕೇಳಿದರೆ, ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಗೆ 1935ರಲ್ಲೇ ಅವರು ಫೆಲೋ ಆಗಿ ಆಯ್ಕೆಯಾಗಿದ್ದರೆಂದು ಮಗಳು ಬರೆಯಲಿ.