ಬಸ್ಸಿನ ಬೋರ್ಡೆಲ್ಲ ಓದ್ತಾನೆ, ಸ್ಕೂಲಲ್ಲಿ ಏನಾಯ್ತು ಅಂದ್ರೆ ಹೇಳಲ್ಲ

ಪ್ರಶ್ನೆ: ಮೇಡಂ, ನನ್ನ ಮಗನಿಗೆ 8 ವರ್ಷ, ಆಟಿಸಂ ಇದೆ. ಹಣ್ಣು, ಪ್ರಾಣಿ ಏನ್ ತೋರ್ಸಿದ್ರೂ ಹೆಸರು ಹೇಳ್ತಾನೆ, ಬಸ್ಸಿನ ಬೋರ್ಡ್ ಕೂಡ ಓದ್ತಾನೆ. ಆದ್ರೆ ‘ಸ್ಕೂಲಲ್ಲಿ ಏನಾಯ್ತು’ ಅಂದ್ರೆ ನನ್ನ ಪ್ರಶ್ನೇನೇ ವಾಪಸ್ ಹೇಳ್ತಾನೆ. ಎರಡು ಭಾಷೆ ಆದ್ರೆ ಗೊಂದಲ ಆಗುತ್ತೆ, ಮನೇಲಿ ಬರೀ ಇಂಗ್ಲಿಷ್ ಮಾತಾಡಿ ಅಂತಾರೆ ಟೀಚರ್. ನಮ್ಮಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಏನ್ ಮಾಡ್ಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಕನ್ನಡ ಮಾತ್ರ ದಯವಿಟ್ಟು ಬಿಡಬೇಡಿ ಅಮ್ಮಾ. ಆಟಿಸಂ ಇರೋ ಮಕ್ಕಳು ಎರಡು ಭಾಷೆ ಕೇಳಿ ಬೆಳೆದ್ರೆ ಅದ್ರಿಂದ ಮಾತು ಹಿಂದೆ ಬೀಳುತ್ತೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಿಮಗೆ ಸಲೀಸಾಗಿ ಬಾರದ ಭಾಷೇಲಿ ನೀವು ‘ಕಮ್, ಸಿಟ್, ಈಟ್’ಗೇ ನಿಂತುಬಿಡ್ತೀರಿ, ಅಜ್ಜಿ ಮಾತಾಡೋದೇ ನಿಲ್ಲಿಸ್ತಾರೆ, ಕೊನೆಗೆ ಮಗು ಕಿವಿಗೆ ಬೀಳೋ ಮಾತೇ ಕಮ್ಮಿ ಆಗುತ್ತೆ.

ಇನ್ನು ಪದಗಳ ವಿಷಯ. ಬಾಳೆಹಣ್ಣು ಕಣ್ಣಿಗೆ ಕಾಣುತ್ತೆ, ‘ಆಮೇಲೆ’, ‘ಯಾಕಂದ್ರೆ’, ‘ಬೇಜಾರು’ ಇವನ್ನ ಬೆರಳು ಮಾಡಿ ತೋರಿಸೋಕಾಗಲ್ಲ, ಇಂಥ ಮಕ್ಕಳು ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಕೇಳಿದ್ದನ್ನೇ ತಿರುಗಿ ಹೇಳೋದಕ್ಕೆ ಎಕೋಲೇಲಿಯಾ ಅಂತಾರೆ, ಅದು ಹಠ ಅಲ್ಲ. ಎಷ್ಟೋ ಸಲ ಅದರೊಳಗೇ ವಿಷಯ ಇರುತ್ತೆ. ‘ನೀರು ಬೇಕಾ?’ ಅಂತ ಬಂದು ನಿಂತ್ರೆ ಬಾಯಾರಿದೆ ಅಂತ ಅರ್ಥ. ಆಗ ‘ಸರಿಯಾಗಿ ಹೇಳು’ ಅನ್ನಬೇಡಿ, ಅವನು ಹೇಳಬೇಕಾದ್ದನ್ನ ನೀವೇ ಹೇಳಿ, ‘ನಂಗೆ ನೀರು ಬೇಕು’ ಅಂತ, ಹೇಳ್ತಾನೇ ಲೋಟ ಕೊಡಿ. ಹೇಳೋತನಕ ಲೋಟ ಹಿಡ್ಕೊಂಡು ಕಾಯಿಸೋದು ಬೇಡ, ಅದು ನೋಡೋಕೇ ಸಂಕಟ ಆಗುತ್ತೆ.

‘ಏನಾಯ್ತು’ ಅನ್ನೋದು ಅವನಿಗೆ ತುಂಬಾ ದೊಡ್ಡ ಪ್ರಶ್ನೆ. ಅದರ ಬದಲು ಸಂಜೆ ಟಿಫನ್ ಡಬ್ಬಿ ಅವನ ಮುಂದೇನೇ ತೆಗೀರಿ. ‘ಚಿತ್ರಾನ್ನ ಖಾಲಿ. ಕಡ್ಲೇಬೀಜ ಉಳಿದಿದೆ’ ಅಂತ ಅಂದು ಮನಸ್ಸಲ್ಲೇ ಹತ್ತು ಎಣಿಸಿ, ಆ ಮೌನ ತುಂಬೋಕೆ ಹೋಗಬೇಡಿ. ನನ್ನ ಹತ್ರ ಬರ್ತಿದ್ದ ಒಬ್ಬ ಹುಡುಗಿ ವಾರಗಟ್ಟಲೆ ಏನೂ ಹೇಳ್ಲಿಲ್ಲ, ಒಂದಿನ ಕಡ್ಲೇಬೀಜ ಪಕ್ಕಕ್ಕೆ ತಳ್ಳಿ ‘ಗಟ್ಟಿ’ ಅಂದ್ಲು. ಯಾಕೆ ಬಿಟ್ಟೆ ಅಂತ ಯಾರೂ ಕೇಳಿರ್ಲಿಲ್ಲ, ಕಾರಣ ಅವಳೇ ಕೊಟ್ಲು!

ಸಾಧ್ಯ ಆದ್ರೆ ಒಮ್ಮೆ ಮೈಸೂರಿನ ಆಯಿಷ್‌ನಲ್ಲಿ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಅದು, ಕನ್ನಡದಲ್ಲೇ ಅವನ ಭಾಷೆ ಪರೀಕ್ಷೆ ಮಾಡಿಸಿ. ಟೀಚರ್ ಹತ್ರ ಜಗಳ ಬೇಡ, ಡೈರೀಲಿ ದಿನಾ ಒಂದು ಸಾಲು ಬರೆದು ಕಳಿಸೋಕೆ ಕೇಳಿ, ‘ಇವತ್ತು ಮಳೆ ಬಂತು, ಆಟ ಆಡಿಸ್ಲಿಲ್ಲ’ ಅಂತ ಅಷ್ಟಿದ್ರೂ ಸಂಜೆ ಮಾತು ಎಲ್ಲಿಂದ ಶುರು ಮಾಡ್ಬೇಕು ಅಂತ ನಿಮಗೆ ಗೊತ್ತಿರುತ್ತೆ.